5 ಗಂಟೆಗೆ ಏಳುವುದು ಬಿಟ್ಟೆ, ಆರಾಮಾಗಿದ್ದೇನೆ. ನೀವು ಏನು ಬಿಟ್ಟಿದ್ದೀರಿ, ಏನು ಇಟ್ಟುಕೊಂಡಿದ್ದೀರಿ?

ಬಿಸಿಲೂರು_ಹುಡುಗ (ರಾಯಚೂರು)

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೋಡ್ ಬರೆಯುವ ಕೆಲಸ ಮಾಡುತ್ತೇನೆ. ಹೋದ ವರ್ಷ ವಿಡಿಯೋ ನೋಡಿ ನೋಡಿ ಒಂದು ದೊಡ್ಡ ಟೈಮ್‌ಟೇಬಲ್ ಹಾಕಿಕೊಂಡಿದ್ದೆ. ಬೆಳಿಗ್ಗೆ 5ಕ್ಕೆ ಏಳಬೇಕು, ತಣ್ಣೀರು ಸ್ನಾನ ಮಾಡಬೇಕು (ಮೇ ತಿಂಗಳಲ್ಲಿ ರಾಯಚೂರಿನ ಮಾಳಿಗೆ ಮೇಲಿನ ಟ್ಯಾಂಕಿನಿಂದ ತಣ್ಣೀರು ಬರಿಸಿ ತೋರಿಸಲಿ ಆ ವಿಡಿಯೋ ಮಾಡಿದವರು), ಆಮೇಲೆ ಧ್ಯಾನ, ಡೈರಿ, 10 ಸಾವಿರ ಹೆಜ್ಜೆ, ರಾತ್ರಿ ಆನ್‌ಲೈನ್ ಕೋರ್ಸ್, ಶನಿವಾರ ಭಾನುವಾರ ಎರಡನೇ ಆದಾಯಕ್ಕೆ ಇನ್ನೊಂದು ಕೆಲಸ. ಎಲ್ಲದಕ್ಕೂ ಮೊಬೈಲ್‌ನಲ್ಲಿ ಒಂದು ಆ್ಯಪ್. ಮಾಡಿ ಮುಗಿಸಿದ ಕೂಡಲೇ ಹಸಿರು ಟಿಕ್.

ಅದರಲ್ಲಿ "ಮನೆಯವರ ಜೊತೆ 20 ನಿಮಿಷ" ಅಂತಲೂ ಒಂದು ಸಾಲು ಇತ್ತು. ಒಂದು ಸಂಜೆ ಅಜ್ಜಿ ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಾ ತನ್ನ ತವರಿನ ಬಾವಿ ಕತೆ ಹೇಳುತ್ತಿದ್ದಳು, ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದೆ. 20 ನಿಮಿಷ ಆಯಿತು ಅಂತ ಫೋನ್ ಗುರ್ ಅಂದಿತು. ಟಿಕ್ ಹಾಕಿ ಎದ್ದೆ. "ಯಾರದಪ್ಪಾ ಫೋನು?" ಅಂದಳು ಅಜ್ಜಿ. ಏನಂತ ಹೇಳಲಿ? ಅದೇ ವಾರ ಆ್ಯಪ್ ಅಳಿಸಿದೆ.

ಈಗ ಉಳಿದಿರುವುದು ಎರಡೇ. ಹೊತ್ತು ಇಳಿದ ಮೇಲೆ ಮಾವಿನಕೆರೆ ಕಡೆ ನಡೆದು ಬರುತ್ತೇನೆ, ಊಟಕ್ಕೆ ಕೂತಾಗ ಫೋನ್ ಒಳಗಿನ ಕೋಣೆಯಲ್ಲಿ ಇಡುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ, ಕೆಲಸವೇನೂ ಕೆಟ್ಟಿಲ್ಲ. ಆದರೆ ಗೆಳೆಯರ ಗುಂಪಿನಲ್ಲಿ ಎಲ್ಲರದ್ದೂ ಒಂದೇ ರಾಗ, "ಏನೋ, ಇಷ್ಟು ಬೇಗ ತಣ್ಣಗಾಗಿಬಿಟ್ಟೆ" ಅಂತ. ನನ್ನ ಪ್ರಶ್ನೆ ಇಷ್ಟೇ. ಸಾಕು ಅನ್ನುವುದಕ್ಕೂ ಸೋಮಾರಿತನಕ್ಕೂ ನಡುವೆ ಗೆರೆ ಎಲ್ಲಿ ಎಳೆಯುತ್ತೀರಿ? ಬೆಂಗಳೂರಿನವರ ಸಲಹೆ ಬೇಕಾದಷ್ಟು ಕೇಳಿದ್ದೇನೆ, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಹೇಳಿ.

ಮೂರು_ಪಾಳಿ (ತೋರಣಗಲ್ಲು)

ತಮ್ಮಾ, ನಾನು ಉಕ್ಕಿನ ಕಾರ್ಖಾನೆಯಲ್ಲಿ ಇರುವವನು. ಎ ಶಿಫ್ಟ್ ಬೆಳಿಗ್ಗೆ 6ಕ್ಕೆ, ಬಿ ಶಿಫ್ಟ್ ಮಧ್ಯಾಹ್ನ 2ಕ್ಕೆ, ಸಿ ಶಿಫ್ಟ್ ರಾತ್ರಿ 10ಕ್ಕೆ, ಸುತ್ತುತ್ತಾ ಇರುತ್ತದೆ. ಸಿ ಶಿಫ್ಟ್ ಇದ್ದಾಗ 5 ಗಂಟೆಗೆ ನಾನು ಎದ್ದೇ ಇರುತ್ತೇನೆ. ಹಾಗಾದರೆ ಯಶಸ್ವಿ ಜನರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿಸಬೇಕಲ್ಲ.

ನಮ್ಮಪ್ಪ ರೈತರು. ಅವರೂ ಕೋಳಿ ಕೂಗುವ ಮುಂಚೆ ಏಳುತ್ತಿದ್ದರು, ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಸಿಗೆಯಲ್ಲಿ ಬಿಸಿಲು ಏರುವ ಮುಂಚೆ ಹೊಲದ ಕೆಲಸ ಆಗಬೇಕಲ್ಲ, ಅದಕ್ಕೇ ಏಳುತ್ತಿದ್ದರು. 11 ಗಂಟೆಗೆ ವಾಪಸ್ ಬಂದು ರೊಟ್ಟಿ ಊಟ ಮಾಡಿ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗಿದರೆ 4ರ ತನಕ ಅವರನ್ನು ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈಗಲೂ ನೋಡಿ, ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟಿದಾಗ ನಮ್ಮ ಕಡೆ ಎಷ್ಟೋ ಅಂಗಡಿಯವರು ಮಧ್ಯಾಹ್ನ ಶಟರ್ ಅರ್ಧ ಎಳೆದು ಒಳಗೆ ಫ್ಯಾನ್ ಕೆಳಗೆ ಒರಗಿರುತ್ತಾರೆ. ವಿಡಿಯೋದವರು ಬೆಳಗಿನ ಅರ್ಧ ಎತ್ತಿಕೊಂಡು ಮಧ್ಯಾಹ್ನದ ಅರ್ಧ ಅಲ್ಲೇ ಬಿಟ್ಟು ಹೋಗಿದ್ದಾರೆ. ನಿದ್ದೆ ಕಡಿಮೆ ಮಾಡಿ ಬೇಗ ಏಳುವುದು ನಮ್ಮ ಅಪ್ಪ ಅಜ್ಜ ಮಾಡಿದ್ದಲ್ಲ.

ನಾನು ಇಟ್ಟುಕೊಂಡಿರುವ ಅಭ್ಯಾಸ ಒಂದೇ, ನಿದ್ದೆ. ಸಿ ಶಿಫ್ಟ್ ಮುಗಿಸಿ ಮನೆಗೆ ಬಂದ ಮೇಲೆ ಕಿಟಕಿಗೆ ದಪ್ಪ ಚಾದರ ಕಟ್ಟಿ, ಕೂಲರ್‌ಗೆ ನೀರು ಹಾಕಿ, ಫೋನ್ ಹೆಂಡತಿ ಕೈಗೆ ಕೊಡುತ್ತೇನೆ. ನಿದ್ದೆಗೆಟ್ಟು ಕಾಸಿದ ಉಕ್ಕಿನ ಹತ್ತಿರ ನಿಲ್ಲುವುದು ಹುಡುಗಾಟ ಅಲ್ಲ. ನಿನ್ನ ಗೆಳೆಯರಿಗೆ ಹೇಳು, ತಣ್ಣಗಿರುವುದು ಒಳ್ಳೆಯದೇ ಅಂತ.

ಓದುವ_ಮೇಜು (ಗಂಗಾವತಿ)

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಕೆಲಸ ಸಿಕ್ಕವರಿಗೆ ಈ ಮಾತು ಸಲೀಸು. ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಯಾವ ಸರ್ಕಾರಿ ಪರೀಕ್ಷೆ ಕರೆದರೂ ಬರೆಯುತ್ತೇನೆ. ಸಂವಿಧಾನದ 371ಜೆ ವಿಧಿ ಇದೆ, ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಹುದ್ದೆ ಮೀಸಲಿದೆ, ನಿಜ. ಆದರೆ ಆ ಮೀಸಲಾತಿ ಒಳಗೂ ಪೈಪೋಟಿ ನಮ್ಮ ನಮ್ಮಲ್ಲೇ ಅಲ್ವಾ? ಲೈಬ್ರರಿ ಬಾಗಿಲು ತೆಗೆಯುವ ಮುಂಚೆಯೇ ಹುಡುಗರು ಹೊರಗೆ ನಿಂತಿರುತ್ತಾರೆ, ಫ್ಯಾನ್ ಕೆಳಗಿನ ಕುರ್ಚಿ ಹಿಡಿಯಲು. ನಾನು ಸಾಕು ಅಂತ ಎದ್ದರೆ ಪಕ್ಕದವನು ಇನ್ನೂ ಎರಡು ತಾಸು ಓದುತ್ತಾನೆ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿ ಕೋಚಿಂಗ್ ಫೀಸು ಕಟ್ಟಿದ್ದಾರೆ. ನನಗೆ ಆರಾಮಾಗಿರುವ ಹಕ್ಕು ಇನ್ನೂ ಬಂದಿಲ್ಲ ಅಂತಲೇ ಅನಿಸುತ್ತದೆ. ನೀವು ಬಿಟ್ಟಿದ್ದು ಹಾಬಿ ಅಣ್ಣಾ, ನಾನು ಬಿಟ್ಟರೆ ದಾರಿಯೇ ಹೋಗುತ್ತದೆ.

ಲೆಕ್ಕದ_ಪುಸ್ತಕ (ಹೊಸಪೇಟೆ, ಬಳ್ಳಾರಿಯಿಂದ ಬೇರೆಯಾಗಿ ಈಗ ವಿಜಯನಗರ ಜಿಲ್ಲೆ, ಆದರೂ ಸೇರಿಸಿಕೊಳ್ಳಿ)

ಭಾವನೆ ಎಲ್ಲಾ ನೀವು ಮಾತಾಡಿದ್ದೀರಿ, ನಾನು ಅಂಕಿ ಹೇಳಿ ಹೋಗುತ್ತೇನೆ.

10 ಸಾವಿರ ಹೆಜ್ಜೆ ಡಾಕ್ಟರು ಬರೆದುಕೊಟ್ಟ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟಿತು, ಹತ್ತು ಸಾವಿರ ಹೆಜ್ಜೆ ಮೀಟರ್ ಅಂತಲೇ ಅದಕ್ಕೆ ಹೆಸರಿಟ್ಟಿತು. ಅಲ್ಲಿಂದ ಬಂದ ಸಂಖ್ಯೆ ಇದು. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು, 7,500 ದಾಟಿದ ಮೇಲೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಿಮ್ಮ ಕೆರೆ ಕಡೆಯ ನಡಿಗೆ ಧಾರಾಳ ಆಯಿತು.

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವುದೂ ಅಷ್ಟೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದರು. ಊಟ ಆದ ಮೇಲೆ ನಡೆಯುವುದು, ನೀರು ಕುಡಿಯುವುದು, ಇಂಥ ಸಣ್ಣ ಸಣ್ಣ ಕೆಲಸ. ಅದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೂ ಬೇಕಾಗುತ್ತದೆ ಅಂತ ಲೆಕ್ಕ ಬಂತು, ಸರಾಸರಿ 66. ನಡುವೆ ಒಂದು ದಿನ ತಪ್ಪಿದರೆ ಏನೂ ದೊಡ್ಡ ವ್ಯತ್ಯಾಸ ಆಗಲಿಲ್ಲ ಅಂತಲೂ ಬರೆದಿದ್ದಾರೆ. ಆ್ಯಪ್‌ನವರು ಇದನ್ನು ಹೇಳುವುದಿಲ್ಲ, ಹೇಳಿದರೆ ಒಂದು ದಿನ ತಪ್ಪೀತು ಅನ್ನುವ ಹೆದರಿಕೆ ಹೋಗಿ ನೀವು ದಿನಾ ತೆರೆಯುವುದಿಲ್ಲವಲ್ಲ.

ಇನ್ನು ದುಡಿಮೆ. ಅಕ್ಟೋಬರ್ 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು, ಎಲ್ಲರ ಬಾಯಲ್ಲೂ ಅದೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಟ್ಟಿಗೆ 2021ರಲ್ಲೇ ಹೇಳಿದ್ದವು: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ 35% ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. ನಮ್ಮ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತ್ತು. ಆ ಮಿತಿಗೋಸ್ಕರ ಹಿಂದಿನವರು ಮುಷ್ಕರ ಮಾಡಿದ್ದರು. ಈಗ ನಾವೇ ಖುಷಿಯಿಂದ ವಾಪಸ್ ಕೊಡುತ್ತಿದ್ದೇವೆ, ಅದೂ ಹಸಿರು ಟಿಕ್‌ಗೆ.

ನೀಲಿ_ದಾರ (ಬಳ್ಳಾರಿ)

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಗಂಗಾವತಿ ತಮ್ಮನ ಮಾತು ನೋಡಿ ಸುಮ್ನೆ ಇರಲು ಆಗಲಿಲ್ಲ.

ನಾನು ಜೀನ್ಸ್ ಕೆಲಸದವಳು. ಹೊಲಿದು ಬಂದ ಪ್ಯಾಂಟಿನ ಮೇಲೆ ಅಲ್ಲಲ್ಲಿ ದಾರದ ತುದಿ ಉಳಿದಿರುತ್ತದೆ, ಜೇಬಿನ ಹತ್ತಿರ, ಝಿಪ್ ಪಟ್ಟಿ ಒಳಗೆ, ಬೆಲ್ಟ್ ಲೂಪಿನ ಕೆಳಗೆ. ಅದನ್ನೆಲ್ಲಾ ಕಟರ್‌ನಿಂದ ಕತ್ತರಿಸಿ, ಮಡಚಿ, ಕಟ್ಟು ಕಟ್ಟಿ ಕೊಡಬೇಕು. ಕಟ್ಟು ಮನೆಗೇ ಬರುತ್ತದೆ. ಪೀಸ್ ಲೆಕ್ಕ. ಪೀಸ್ ಲೆಕ್ಕದವರಿಗೆ ವಾರಕ್ಕೆ 70 ಗಂಟೆ ದುಡಿ ಅಂತ ಯಾರೂ ಭಾಷಣ ಮಾಡಬೇಕಿಲ್ಲ, ಕೈ ನಿಂತರೆ ದುಡ್ಡು ನಿಂತಿತು, ಅಷ್ಟೇ. ಹಾಗಾಗಿ ರಾಯಚೂರಿನ ತಮ್ಮ ಕೇಳಿದ ಪ್ರಶ್ನೆ ಎಲ್ಲರಿಗೂ ಒಂದೇ ಥರ ಹೊಂದುವುದಿಲ್ಲ. ಬಿಡುವ ಅನುಕೂಲ ಇದ್ದವರು ಬಿಡಬಹುದು. ನನಗೆ ಯಾರಾದರೂ ಶಿಸ್ತು ಕಲಿಸಲು ಬಂದರೆ, ಪೀಸಿಗೆ ಎರಡು ರೂಪಾಯಿ ಜಾಸ್ತಿ ಕೊಡಿಸಿ ಅನ್ನುತ್ತೇನೆ.

ಆದರೂ ನನಗೂ ಒಂದು ಗೆರೆ ಇದೆ. ರಾತ್ರಿ 9 ಆದ ಮೇಲೆ ಹೊಸ ಕಟ್ಟು ಬಿಚ್ಚುವುದಿಲ್ಲ. ಇದು ಆರೋಗ್ಯದ ಮಾತಲ್ಲ, ವ್ಯಾಪಾರದ ಮಾತು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಪ್ಪು ನೀಲಿ ಬಟ್ಟೆ ಮೇಲೆ ಕಪ್ಪು ನೀಲಿ ದಾರ ಕಾಣುವುದಿಲ್ಲ. ಕಣ್ಣು ದಣಿದಾಗ ಕಟರ್ ಬಟ್ಟೆಗೇ ತಾಗುತ್ತದೆ. ತೂತು ಬಿದ್ದ ಪ್ಯಾಂಟಿನ ದುಡ್ಡು ನಮ್ಮ ಲೆಕ್ಕದಲ್ಲೇ ಕಳೆಯುತ್ತಾರೆ. ಒಂದು ಪ್ಯಾಂಟ್ ಹೋದರೆ ಆ ರಾತ್ರಿ ಮಾಡಿದ್ದೆಲ್ಲಾ ಹೋದಂತೆ. ದಸರಾ ದೀಪಾವಳಿ ಮುಂಚೆ ಕೆಲಸ ಜಾಸ್ತಿ ಇದ್ದಾಗ ಬಿಡುವುದು ಕಷ್ಟ, ಮನಸ್ಸು ಇನ್ನೊಂದು ಕಟ್ಟು ಅನ್ನುತ್ತದೆ. ಆಗಲೂ ಬಿಚ್ಚುವುದಿಲ್ಲ.

ಗಂಗಾವತಿ ತಮ್ಮಾ, ನೀನು ರಾತ್ರಿ 11ಕ್ಕೆ ಓದಿದ್ದು ಬೆಳಿಗ್ಗೆ ಎಷ್ಟು ನೆನಪಿರುತ್ತದೆ? ಬೈಯಲು ಕೇಳುತ್ತಿಲ್ಲ, ನಿಜವಾಗಲೂ ಕೇಳುತ್ತಿದ್ದೇನೆ.

ಬಿಸಿಲೂರು_ಹುಡುಗ (ರಾಯಚೂರು)

ಅಕ್ಕಾ, ನನಗೆ ಬೇಕಾಗಿದ್ದ ಉತ್ತರ ಇದೇ. ಗೆರೆಯನ್ನು ಕೆಲಸವೇ ತೋರಿಸುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ನನ್ನ ಕೋಡ್‌ನಲ್ಲೂ ರಾತ್ರಿ ಬರೆದದ್ದರಲ್ಲೇ ತೂತು ಜಾಸ್ತಿ, ಮರುದಿನ ಅರ್ಧ ದಿನ ಅದನ್ನು ಮುಚ್ಚುವುದೇ ಆಗುತ್ತಿತ್ತು.

ನಿವೃತ್ತ_ಮೇಷ್ಟ್ರು (ಲಿಂಗಸುಗೂರು)

ನಮ್ಮ ತಾಲ್ಲೂಕಿನ ಗುರುಗುಂಟಾ ಅಮರೇಶ್ವರಕ್ಕೆ ನಿಮ್ಮಲ್ಲಿ ಎಷ್ಟೋ ಜನ ಜಾತ್ರೆಗೆ ಬಂದಿರಬಹುದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಲ್ಲಿಯವರೇ. 12ನೇ ಶತಮಾನದ ಶರಣ ದಂಪತಿ. ಕಲ್ಯಾಣಕ್ಕೆ ಹೋದ ಮೇಲೆ ಮಾರಯ್ಯನ ಕೆಲಸ ಏನು ಅಂದರೆ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ದಿನದ ಲೆಕ್ಕಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಒಳಗೆ ಇಟ್ಟುಕೊಳ್ಳಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೆ ಯಾಕೆ ಅಂತ ಗಂಡನನ್ನೇ ಕೇಳಿ, ಹೆಚ್ಚಾದದ್ದನ್ನು ಎಲ್ಲಿಂದ ತಂದನೋ ಅಲ್ಲೇ ಸುರಿದು ಬರಲು ಕಳಿಸಿದಳು.

ಈಗ ಒಂದು ತಮಾಷೆ ನೋಡಿ. ಕಾಯಕವೇ ಕೈಲಾಸ ಅನ್ನುವ ಮಾತನ್ನು ಆಫೀಸಿನ ಗೋಡೆಗೆಲ್ಲಾ ಬರೆಸಿರುತ್ತಾರೆ, ಇನ್ನಷ್ಟು ದುಡಿಯಿರಿ ಅನ್ನುವುದಕ್ಕೆ. ಆ ಮಾತು ಸಿಗುವುದು ಇದೇ ಮಾರಯ್ಯನ ವಚನದಲ್ಲಿ. ಅಂದರೆ ಹೆಂಡತಿ ಮಾತು ಕೇಳಿ ಹೆಚ್ಚಿನ ಅಕ್ಕಿ ವಾಪಸ್ ಸುರಿದು ಬಂದ ಮನುಷ್ಯನ ಮಾತು! ಗೋಡೆಗೆ ಮಾರಯ್ಯನನ್ನು ಹತ್ತಿಸಿದವರು ಲಕ್ಕಮ್ಮನನ್ನು ಹೊರಗೇ ನಿಲ್ಲಿಸಿದ್ದಾರೆ. ಅವಳನ್ನು ಸೋಮಾರಿ ಅಂತ ಯಾರಾದರೂ ಅನ್ನಲಿ ನೋಡೋಣ.

ಓದುವ_ಮೇಜು (ಗಂಗಾವತಿ)

ಮೇಷ್ಟ್ರೇ, ಕತೆ ಚೆನ್ನಾಗಿದೆ, ಆದರೆ ಮಾರಯ್ಯನಿಗೆ ಕಟ್-ಆಫ್ ಅಂಕ ಇರಲಿಲ್ಲ ರೀ.

ನಿವೃತ್ತ_ಮೇಷ್ಟ್ರು (ಲಿಂಗಸುಗೂರು)

ಇರಲಿಲ್ಲ, ಒಪ್ಪಿದೆ. ಬೇಕಾದಷ್ಟು ಓದಪ್ಪಾ, ಕಡಿಮೆ ಓದು ಅಂತ ನಾನು ಹೇಳಲಿಲ್ಲ. ನೀಲಿ ದಾರದ ತಾಯಿ ಹೇಳಿದ್ದನ್ನೇ ನಿನ್ನ ಮೇಜಿಗೆ ತಂದು ನೋಡು. ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಬಿಳಿ ಹಾಳೆ ಮೇಲೆ ನೆನಪಿದ್ದಷ್ಟು ಬರೆ. ಬೆಳಿಗ್ಗೆ ಅರ್ಧ ಪುಟ ಬರುತ್ತದೆ. ರಾತ್ರಿ ಒಂದು ಹೊತ್ತಿನ ಮೇಲೆ ಎರಡು ಸಾಲೂ ಬರುವುದಿಲ್ಲ, ಬರೆದ ಇಸವಿಯೂ ತಪ್ಪಿರುತ್ತದೆ. ಅಲ್ಲಿಗೆ ಅಂದಿನ ಓದು ಮುಗಿಯಿತು ಅಂತ ಲೆಕ್ಕ. ಅದರ ಮೇಲೆ ಕೂತರೆ ಪಕ್ಕದವನಿಗೆ ಹೆದರಿ ಕೂತಂತೆ. ಅವನೂ ನಿನಗೆ ಹೆದರಿಯೇ ಕೂತಿರುತ್ತಾನೆ, ಕೇಳಿ ನೋಡು ಬೇಕಾದರೆ.

ಇನ್ನು ಅಪ್ಪ ಹಮಾಲಿ ಮಾಡುತ್ತಾರೆ ಅಂದೆ. ಹಮಾಲರು ಲೋಡ್ ನಡುವೆ ಚೀಲದ ಮೇಲೇ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುವುದು ನೋಡಿದ್ದೀಯ ಅಲ್ವಾ? ಅವರಿಗೆ ಗೊತ್ತು.

ಓದುವ_ಮೇಜು (ಗಂಗಾವತಿ)

ಬಿಳಿ ಹಾಳೆ ಮಾಡಿ ನೋಡುತ್ತೇನೆ ಸರ್. ನೀಲಿ ದಾರ ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ: ರಾತ್ರಿ 11ರದ್ದು ಬೆಳಿಗ್ಗೆ ಏನೂ ಉಳಿದಿರುವುದಿಲ್ಲ, ಅಂಡರ್‌ಲೈನ್ ಮಾತ್ರ ಉಳಿದಿರುತ್ತದೆ. ಆದರೂ ಪರೀಕ್ಷೆ ಮುಗಿಯುವ ತನಕ ನಾನು ನಿಮ್ಮ ಗುಂಪಿಗೆ ಸೇರುವುದಿಲ್ಲ. ಮಧ್ಯಾಹ್ನದ ನಿದ್ದೆಗೆ ಬೇಕಾದರೆ ಒಪ್ಪುತ್ತೇನೆ, ತೋರಣಗಲ್ಲು ಅಣ್ಣನ ಲೆಕ್ಕದಲ್ಲಿ.

ಮೂರು_ಪಾಳಿ (ತೋರಣಗಲ್ಲು)

ಅರ್ಧ ಗಂಟೆ ಸಾಕು, ಅಲಾರಾಂ ಇಟ್ಟು ಮಲಗು. ಮುದ್ದೆ, ಅನ್ನ ಎರಡೂ ತಿಂದು ಮಲಗಬೇಡ, ಸಂಜೆ ಲೈಬ್ರರಿ ಮುಚ್ಚುವ ಹೊತ್ತಿಗೆ ಏಳುತ್ತೀಯ. ಕುರ್ಚಿ ಮೇಲೆ ಪುಸ್ತಕ ಇಟ್ಟು ಹೋಗು, ಇಲ್ಲಾಂದರೆ ಫ್ಯಾನ್ ಕೆಳಗಿನ ಜಾಗ ಹೋಯಿತು.