ಹರ್ನಿಯಾ ಆಪರೇಷನ್: ಯಾವುದರಲ್ಲಿ ನೋವು ಕಡಿಮೆ?

ಪ್ರಶ್ನೆ: ತೊಡೆಸಂದಿನ ಹರ್ನಿಯಾ, ಒಂದೇ ಬದಿ. ತೆರೆದ ಆಪರೇಷನ್ನೋ, ಲ್ಯಾಪ್ರೋಸ್ಕೋಪಿಯೋ (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವುದು)?

ಉತ್ತರ 1: ಮೊದಲ ವಾರಗಳ ನೋವು ಲ್ಯಾಪ್ರೋಸ್ಕೋಪಿಯಲ್ಲೇ ಕಡಿಮೆ. ಸಾಮಾನ್ಯವಾಗಿ ಮೂರು ಸಣ್ಣ ತೂತು, ಮೆಶ್ (ಹರ್ನಿಯಾದ ಜಾಗಕ್ಕೆ ಆಸರೆ ಕೊಡುವ ಬಲೆ) ಸ್ನಾಯುವಿನ ಹಿಂದೆ ಕೂರುತ್ತದೆ. ತೆರೆದ ಲಿಕ್ಟೆನ್‌ಸ್ಟೈನ್ ವಿಧಾನದಲ್ಲಿ ಮೆಶ್ ಇಡುವ ಜಾಗದಲ್ಲೇ ತೊಡೆಸಂದಿಗೆ ಸ್ಪರ್ಶ ತಿಳಿಸುವ ಇಲಿಯೊಇಂಗ್ವೈನಲ್ ನರ ಹಾಯುತ್ತದೆ. ಅದು ಹೊಲಿಗೆಗೆ ಸಿಕ್ಕರೆ ಉರಿ, ಜೋಮು. ಆದರೆ ಹೃದಯ ದುರ್ಬಲವಿದ್ದವರಿಗೆ ಪೂರ್ತಿ ಅರಿವಳಿಕೆ ತಪ್ಪಿಸಲು ತೆರೆದದ್ದೇ ವಾಸಿ.

ಉತ್ತರ 2: ಯಾವುದಾದರೂ ಸರಿ, ಅದೇ ದಿನ ಎದ್ದು ನಡೆಯಿರಿ. ಮೊದಲ 2–3 ದಿನ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳಿ, ನೋವು ಏರುವವರೆಗೆ ಕಾಯಬೇಡಿ. ಕೆಮ್ಮುವಾಗ ಗಾಯದ ಮೇಲೆ ಅಂಗೈ ಒತ್ತಿ ಹಿಡಿಯಿರಿ. ಮಲಬದ್ಧತೆ ಆಗಲು ಬಿಡಲೇಬೇಡಿ, ಮುಕ್ಕಿದರೆ ನೋವು ಜಾಸ್ತಿ. ಭಾರ ಎತ್ತುವುದು 4–6 ವಾರ ಬೇಡ.

ಉತ್ತರ 3: ವೃಷಣಚೀಲ ನೀಲಿಗಟ್ಟಿದರೆ ಗಾಬರಿ ಬೇಡ, ರಕ್ತ ಇಳಿದಿರುತ್ತದೆ. ಮೂತ್ರ ಕಟ್ಟಿದರೆ, ಜ್ವರ ಅಥವಾ ಕೀವು ಬಂದರೆ ತಡಮಾಡದೆ ಹೋಗಿ. 3 ತಿಂಗಳು ದಾಟಿದ ನೋವನ್ನು ಸಹಿಸಿಕೊಂಡು ಕೂರಬೇಡಿ. ನರಕ್ಕೆ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ.