ಪದಚರ್ಚೆ: ಬೀಟಿ ಮೆಕ್ಕೆಜೋಳಕ್ಕೆ ಕನ್ನಡದಲ್ಲಿ ಏನು? (ತುರ್ತು)

ನಾಳೆ ಬೆಳಿಗ್ಗೆ ಕಲಬುರಗಿಯಲ್ಲಿ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನ. ಅಮೆರಿಕದಲ್ಲಿ 1996ರಿಂದ ಬೆಳೆಯುತ್ತಿರುವ ಬೀಟಿ ಮೆಕ್ಕೆಜೋಳದ (ಬೇರೆ ಜೀವಿಯ ಜೀನು ಸೇರಿಸಿದ, ಅಂದರೆ ಕುಲಾಂತರಿ ತಳಿ) ಬಗ್ಗೆ ಒಂದು ಫ್ಲೆಕ್ಸ್ ಇದೆ. 'ಕೀಟನಿರೋಧಕ ಕುಲಾಂತರಿ ಜೋಳ' ಅಂತ ಬರೆದುಕೊಟ್ಟಿದ್ದೆ. ಅಂಗಡಿಯ ಹುಡುಗ ಓದಿ, "ಸರ್, ರೊಟ್ಟಿ ಜೋಳಕ್ಕೂ ಬಂತಾ ಇದು?" ಅಂದ. ಸಂಜೆ ಆರರೊಳಗೆ ಪದ ಬೇಕು.
— ಮೇಷ್ಟ್ರು, ಕಲಬುರಗಿ

ಹುಡುಗ ಸರಿಯಾಗಿಯೇ ಕೇಳಿದ್ದಾನೆ. ನಮ್ಮ ಕಡೆ ಬರೀ ಜೋಳ ಅಂದರೆ ಬಿಳಿಜೋಳ. 'ಗೋವಿನಜೋಳ' ಅನ್ನಿ. ಅದರಲ್ಲಿರುವುದು ಗೋವಲ್ಲ, ಗೋವೆ ಅಂತ ನನ್ನ ಊಹೆ. ಪೋರ್ಚುಗೀಸರ ದಾರಿಯಲ್ಲಿ ಬಂದದ್ದು ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೆ! ಇನ್ನು ಕೀಟ, ನಿರೋಧಕ, ಕುಲಾಂತರಿ, ಮೂರೂ ಸಂಸ್ಕೃತ. 'ಹುಳತಾಳಿಕೆಯ ಗೋವಿನಜೋಳ' ಸಾಕು.
— ಅಚ್ಚಗನ್ನಡಿಗ, ಬೀದರ್

> ಹುಳತಾಳಿಕೆ

ಬೇಡ್ರಿ. ತಾಳುವುದು ಅಂದರೆ ಹುಳ ತಿಂದರೂ ಸಹಿಸಿಕೊಂಡು ನಿಲ್ಲುವುದು. ಇಲ್ಲಿ ತಿಂದ ಹುಳವೇ ಸಾಯುತ್ತದೆ. ಮಣ್ಣಿನ ಒಂದು ಬ್ಯಾಕ್ಟೀರಿಯಾದ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಅದರ ಮೊದಲಕ್ಷರಗಳೇ ಬೀಟಿ) ಜೀನು ಸೇರಿಸಿರುತ್ತಾರೆ. ಗಿಡದಲ್ಲೇ ಪ್ರೋಟೀನ್ ತಯಾರಾಗಿ ಹುಳದ ಕರುಳು ತೂತು ಬೀಳುತ್ತದೆ. 'ಕೀಟನಿರೋಧಕ'ವೂ ಜಾಸ್ತಿ ಆಯಿತು. ಕಾಂಡಕೊರಕದಂಥ ಹುಳಕ್ಕೆ ಮಾತ್ರ ಇದು ನಾಟುವುದು. ನಾವು ಬೀಟಿ ಹತ್ತಿ ಹಾಕಿಯೂ ಹೇನಿಗೆ, ಜಿಗಿಹುಳಕ್ಕೆ ಎಣ್ಣೆ ಹೊಡೆಯುತ್ತೇವಲ್ಲ! 2002ರಲ್ಲಿ ಹತ್ತಿಗೆ ಪರವಾನಗಿ ಸಿಕ್ಕಿತು, ಆಮೇಲೆ 'ಬೀಟಿ' ಅನ್ನುವ ಪದವೂ ಹೊಲಕ್ಕಿಳಿಯಿತು. ಬೀಜದ ಅಂಗಡಿಯಲ್ಲಿ 'ಕುಲಾಂತರಿ ಕೊಡಿ' ಅಂದವರನ್ನು ನಾನಂತೂ ಕಂಡಿಲ್ಲ. ಸುಮ್ನೆ 'ಬೀಟಿ ಮೆಕ್ಕೆಜೋಳ' ಅನ್ನಿ.
— ಶಹಾಪುರದ ಒಕ್ಕಲಿಗ

ಬೀಟಿ ಅನ್ನುವುದು ಪದವಾ? ಇಂಗ್ಲಿಷಿನ ಎರಡಕ್ಷರ. ಹೀಗೇ ಬಿಟ್ಟರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಮಾತ್ರ.
— ಅಚ್ಚಗನ್ನಡಿಗ

ಜಮೀನು, ಫಸಲು, ಖರ್ಚು ಇವೆಲ್ಲ ಯಾವ ಊರಿನವು ಅಣ್ಣಾರೆ? ಮೊದಲು ತಹಸೀಲ್ ಕಚೇರಿಯ ಬೋರ್ಡಿಗೆ ಅಚ್ಚಗನ್ನಡ ಹುಡುಕಿ, ಆಮೇಲೆ ನಮ್ಮ ಹೊಲಕ್ಕೆ ಬನ್ನಿ.
— ಶಹಾಪುರದ ಒಕ್ಕಲಿಗ

ಜಗಳದ ನಡುವೆ ಒಂದು ಮಾತು. 'ಕುಲಾಂತರಿ' ಪೂರ್ತಿ ಬಿಡಬೇಡಿ. ಬಿಟ್ಟರೆ ಜನ ಇದನ್ನೂ ಹೈಬ್ರಿಡ್ (ಎರಡು ತಳಿ ಕೂಡಿಸಿ ಪಡೆದದ್ದು) ಅಂದುಕೊಳ್ಳುತ್ತಾರೆ. ಹೈಬ್ರಿಡ್ ಮೆಕ್ಕೆಜೋಳ ಇಲ್ಲಿ ಎಲ್ಲೆಲ್ಲೂ ಇದೆ, ಬೀಟಿಯದು ಬೆಳೆಯಲು ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ.
— ಸೇಡಂ

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಕ್ಷರದಲ್ಲಿ 'ಬೀಟಿ ಮೆಕ್ಕೆಜೋಳ', ಕೆಳಗೆ 'ಕಾಂಡ ಕೊರೆಯುವ ಹುಳವನ್ನು ಕೊಲ್ಲುವ ಕುಲಾಂತರಿ ತಳಿ'. ಅನುಮತಿಯ ಮಾತೂ ಸೇರಿಸಿದೆ. ಪ್ರಿಂಟಿಗೆ ಹೋಯಿತು.
— ಮೇಷ್ಟ್ರು

ಗೋವಿನಜೋಳ ಯಾಕೆ ಬಿಟ್ಟಿರಿ?
— ಅಚ್ಚಗನ್ನಡಿಗ