ಕ್ಯೂಎಮುವಿನಲ್ಲಿ ಸೆಂಟೋಸ್ ಸ್ಟ್ರೀಮ್ 9 ಏಳುತ್ತಿಲ್ಲ, ಕರ್ನಲ್ ಪ್ಯಾನಿಕ್ ಬರುತ್ತಿದೆ

ಹೇಮಾವತಿ ದಂಡೆ, ಹಾಸನ:
ಎಲ್ಲರಿಗೂ ನಮಸ್ಕಾರ. ಪ್ರತಿ ಭಾನುವಾರ ನಮ್ಮ ಬೀದಿಯ ಆರು ಮಂದಿ ಪದವಿ ವಿದ್ಯಾರ್ಥಿಗಳು ಲಿನಕ್ಸ್ ಕಲಿಯಲು ಮನೆಗೆ ಬರುತ್ತಾರೆ. ಇಷ್ಟು ದಿನ ಕ್ಯೂಎಮುವಿನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ತಂತ್ರಾಂಶದಲ್ಲೇ ಓಡಿಸುವ ಪ್ರೋಗ್ರಾಂ) ಸೆಂಟೋಸ್ ಎಂಬ ಲಿನಕ್ಸ್‌ನ ಸ್ಟ್ರೀಮ್ 8 ಆವೃತ್ತಿ ಓಡಿಸುತ್ತಿದ್ದೆ. ಅದರ ಬೆಂಬಲ 2024ರ ಮೇ 31ಕ್ಕೇ ಮುಗಿದಿರುವುದರಿಂದ 9ಕ್ಕೆ ಹೋಗೋಣವೆಂದರೆ ಅದು ಏಳುವುದೇ ಇಲ್ಲ. ಸಾಲುಗಳು ಸರಸರನೆ ಓಡಿ, ಕೊನೆಗೆ ಕರ್ನಲ್ (ಲಿನಕ್ಸ್‌ನ ತಿರುಳು) ‘ಕರ್ನಲ್ ಪ್ಯಾನಿಕ್: ಅಟೆಂಪ್ಟೆಡ್ ಟು ಕಿಲ್ ಇನಿಟ್’ ಎಂದು ನಿಂತುಬಿಡುತ್ತದೆ. ಐಎಸ್‌ಒ ಕಡತವನ್ನು ಎರಡು ಸಲ ಇಳಿಸಿಕೊಂಡೆ, ಚೆಕ್‌ಸಮ್ ಸರಿಯಿದೆ. ಮೆಮೊರಿ 4 ಜಿಬಿ ಕೊಟ್ಟಿದ್ದೇನೆ. ಯಂತ್ರ ಮೂರನೇ ತಲೆಮಾರಿನ ಐ5. ಹೊಸ ಕರ್ನಲ್‌ಗೂ ಕ್ಯೂಎಮುವಿಗೂ ಹೊಂದುವುದಿಲ್ಲವೇ?

ಮುಳ್ಳಯ್ಯನಗಿರಿ, ಚಿಕ್ಕಮಗಳೂರು:
ಸರ್, ತಪ್ಪು ಕರ್ನಲ್‌ನದಲ್ಲ. ಇನಿಟ್ ಸತ್ತಿದೆ ಎಂದರೆ ಕರ್ನಲ್ ಎದ್ದು ನಿಂತು ಮೊದಲ ಪ್ರೋಗ್ರಾಂ ಅನ್ನು ಎಬ್ಬಿಸಿದೆ. ಬಿದ್ದದ್ದು ಆ ಪ್ರೋಗ್ರಾಂ. ನಮಗೆ ಬೇಕಾದದ್ದು ಪ್ಯಾನಿಕ್‌ಗಿಂತ ಮೇಲಿನ ಸಾಲು. ಅದು ಪರದೆಯಿಂದ ಜಾರಿಹೋಗಿರುತ್ತದೆ. ಬೂಟ್ ಮೆನುವಿನಲ್ಲಿ ಕರ್ನಲ್ ಸಾಲಿನ ತುದಿಗೆ ‘ಕನ್ಸೋಲ್=ಟಿಟಿವೈಎಸ್0’ (ಸಂದೇಶಗಳನ್ನು ಸೀರಿಯಲ್ ಪೋರ್ಟ್‌ಗೆ ಕಳಿಸು ಎಂದರ್ಥ) ಸೇರಿಸಿ, ಸೀರಿಯಲ್ ಪೋರ್ಟ್‌ನಲ್ಲಿ ಬರುವುದನ್ನು ಕಡತಕ್ಕೆ ಬರೆಯುವಂತೆ ಕ್ಯೂಎಮುವಿಗೆ ಹೇಳಿ.

ಹೇಮಾವತಿ ದಂಡೆ:
ಸಿಕ್ಕಿತು! ‘ಫೇಟಲ್ ಜಿಲಿಬ್‌ಸಿ ಎರರ್: ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ2’. ಆದರೆ ನನ್ನ ಐ5 ಅಷ್ಟೇನೂ ಹಳೆಯದಲ್ಲವಲ್ಲ?

ಮುಳ್ಳಯ್ಯನಗಿರಿ:
ತಡವಾಯಿತು, ಕ್ಷಮಿಸಿ. ನಿನ್ನೆಯ ಮಳೆಗೆ ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಡೀ ವಿದ್ಯುತ್ ಇರಲಿಲ್ಲ.

ವಿ2 ಎಂದರೆ ಸಿಪಿಯುವಿಗೆ ಗೊತ್ತಿರಬೇಕಾದ ಸೂಚನೆಗಳ ಒಂದು ಮಟ್ಟ. ನಿಮ್ಮ ಐ5ನಲ್ಲಿ ಅದು ಖಂಡಿತ ಇದೆ. ಆದರೆ ಒಳಗೆ ಓಡುವ ಸ್ಟ್ರೀಮ್ 9ಕ್ಕೆ ಅದು ಕಾಣುವುದಿಲ್ಲ. ನಾವು ಏನೂ ಹೇಳದಿದ್ದರೆ ಕ್ಯೂಎಮು ತನ್ನದೇ ‘ಕ್ಯೂಎಮು64’ ಎಂಬ ಸಿಪಿಯುವನ್ನು ತೋರಿಸುತ್ತದೆ. ಅದರಲ್ಲಿ ಎಸ್‌ಎಸ್‌ಇ 4.2 ಸೂಚನೆಗಳಿಲ್ಲ. ಸ್ಟ್ರೀಮ್ 8 ಅವನ್ನು ಕೇಳುತ್ತಿರಲಿಲ್ಲ. 9ನ್ನು ವಿ2 ಮಟ್ಟಕ್ಕೇ ಕಂಪೈಲ್ ಮಾಡಿದ್ದಾರೆ. ಕ್ಯೂಎಮುವಿನ ಸಿಪಿಯು ಆಯ್ಕೆಗೆ ‘ಹೋಸ್ಟ್’ (ನಿಮ್ಮ ಯಂತ್ರದ ಸಿಪಿಯುವನ್ನೇ ತೋರಿಸು ಎಂದರ್ಥ) ಎಂದು ಕೊಟ್ಟು ನೋಡಿ.

ಹೇಮಾವತಿ ದಂಡೆ:
‘ಹೋಸ್ಟ್’ಗೆ ಕೆವಿಎಂ ಬೇಕು ಎನ್ನುತ್ತಿದೆ.

ಮುಳ್ಳಯ್ಯನಗಿರಿ:
ಹಾಗಾದರೆ ಕೆವಿಎಂ (ಒಳಗಿನ ಸೂಚನೆಗಳನ್ನು ನಿಜವಾದ ಸಿಪಿಯುವಿನಲ್ಲೇ ಓಡಿಸುವ ಲಿನಕ್ಸ್ ಸೌಲಭ್ಯ) ಇಲ್ಲದೆ ಓಡಿಸುತ್ತಿದ್ದೀರಿ. ಅದಕ್ಕೆ ಬೇಕಾದ ವರ್ಚುವಲೈಸೇಶನ್ ಬಯಾಸ್‌ನಲ್ಲಿ ಆಫ್ ಆಗಿದೆಯೇ ನೋಡಿ. ಅಲ್ಲಿಯವರೆಗೆ ‘ನೆಹಾಲೆಮ್’ (ವಿ2 ಇರುವ ಹಳೆಯ ಇಂಟೆಲ್ ಸಿಪಿಯು) ಎಂದು ಕೊಡಿ. ನಿಧಾನ, ಆದರೆ ಏಳುತ್ತದೆ.

ಮುಂದೆ ಸ್ಟ್ರೀಮ್ 10ಕ್ಕೆ ಹೋಗುವಾಗ ಇನ್ನೊಂದು ತೊಡಕಿದೆ. ಅದಕ್ಕೆ ವಿ3 ಮಟ್ಟ ಬೇಕು, ಅಂದರೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪೂ ಇರಬೇಕು. ಮೂರನೇ ತಲೆಮಾರಿನ ಐ5ನಲ್ಲಿ ಅದಿಲ್ಲ, ಆದ್ದರಿಂದ ಕೆವಿಎಂ ಹಾಕಿದರೂ ಏಳುವುದಿಲ್ಲ. ಆಗ ಕೆವಿಎಂ ಬಿಟ್ಟು, ಕ್ಯೂಎಮು 7.2 ಅಥವಾ ಅದರ ನಂತರದ ಆವೃತ್ತಿಯಲ್ಲಿ ಸಿಪಿಯು ಆಯ್ಕೆಗೆ ‘ಮ್ಯಾಕ್ಸ್’ (ಸಾಧ್ಯವಿರುವ ಎಲ್ಲ ಸೂಚನೆಗಳನ್ನೂ ತೋರಿಸು ಎಂದರ್ಥ) ಕೊಡಬೇಕು. ಕೆವಿಎಂ ಯಂತ್ರದಲ್ಲಿ ಇರುವ ಸೂಚನೆಗಳನ್ನಷ್ಟೇ ಬಳಸಬಲ್ಲದು. ಬರೀ ಎಮ್ಯುಲೇಶನ್ ಇಲ್ಲದ್ದನ್ನೂ ತಂತ್ರಾಂಶದಲ್ಲೇ ಮಾಡಿಕೊಡುತ್ತದೆ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಹೇಮಾವತಿ ದಂಡೆ:
ನೆಹಾಲೆಮ್‌ನಲ್ಲಿ ಎದ್ದಿತು, ಇನ್‌ಸ್ಟಾಲ್ ಪರದೆ ಬಂದಿದೆ. ಬಯಾಸ್‌ಗೆ ಹಳೆಯ ಪಾಸ್‌ವರ್ಡ್ ಇದೆ, ಯಂತ್ರ ಮಾರಿದವರನ್ನೇ ಕೇಳಬೇಕು. ಈ ಭಾನುವಾರಕ್ಕೆ ಇಷ್ಟು ಸಾಕು. ತುಂಬಾ ಉಪಕಾರವಾಯಿತು ಸರ್.